ಮೈಮೇಲಿನ ಸುದ್ದಿ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲೋದಿಲ್ಲ. ಇದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ, ನನ್ನ ಹೆಂಡತಿಗಂತೂ ಮೂವತ್ತೈದು ವರ್ಷದಿಂದ ಗೊತ್ತು. ಆದರೂ ಈ ಕಥೆ ನಾನೇ ಹೇಳಬೇಕು. ಯಾಕೆ ಅಂದರೆ ಇದರಲ್ಲಿ ಒಂದು ಸಲ, ಒಂದೇ ಒಂದು ಸಲ, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನಂಬದಿದ್ದರೆ ಬಿಡಿ, ವಕೀಲರೇ ಸಾಕ್ಷಿ ಇದ್ದಾರೆ.

ನಾನು ಟೈಲರ್. ಎಲ್ಲರೂ ಮಾಸ್ಟರ್ ಅಂತ ಕರೀತಾರೆ. ಅಂಗಡಿ ಹತ್ತಡಿ ಉದ್ದ, ಏಳಡಿ ಅಗಲ. ಎರಡು ಮೆಷಿನ್ನು, ಬಟ್ಟೆ ಕತ್ತರಿಸೋಕೆ ಒಂದು ಟೇಬಲ್ಲು, ಆಳೆತ್ತರದ ಕನ್ನಡಿ. ಎದುರು ಕಟ್ಟಡದ ಮೊದಲನೇ ಮಹಡಿಯಲ್ಲಿ ವಕೀಲರ ಆಫೀಸು. ಅವರದೂ ನನ್ನದೂ ಒಂದೇ ಅಳತೆ: ಎದೆ ನಲವತ್ತೆರಡು, ಹೊಟ್ಟೆ ಅದಕ್ಕಿಂತ ಒಂದು ಇಂಚು ಮುಂದೆ. ಹಾಗಾಗಿ ಅವರ ಅಂಗಿ ಹೊಲಿದು ಮುಗಿದ ಮೇಲೆ ಒಂದು ಗಂಟೆ ನಾನೇ ತೊಟ್ಟು ಕೆಲಸ ಮಾಡ್ತೀನಿ, ಅದೂ ಬನಿಯನ್ ಇಲ್ಲದೆ. ಬರಿಮೈ ಮೇಲೆ ಹಾಕಿದರೇನೇ ಕಾಲರಿನ ಒಳಹೊಲಿಗೆ ಎಲ್ಲಿ ಚುಚ್ಚುತ್ತೆ, ಕಂಕುಳು ಎಲ್ಲಿ ಹಿಡಿಯುತ್ತೆ ಅಂತ ತಿಳಿಯೋದು. ಕೈ ಎತ್ತಿ ವಾದ ಮಾಡೋ ಮನುಷ್ಯನ ಅಂಗಿ ಕಂಕುಳಲ್ಲಿ ಹಿಡಿದರೆ ನನ್ನ ಮರ್ಯಾದೆ ಏನಾಗಬೇಕು ಹೇಳಿ.

ನನ್ನ ಹೆಂಡತಿ ಶಾಲೆಯಲ್ಲಿ ಅರಬ್ಬಿ ಪಾಠ ಮಾಡಿ ನಿವೃತ್ತಿಯಾದವಳು. ನಾನು ಅವಳನ್ನ ಟೀಚರಮ್ಮ ಅಂತಲೇ ಕರೆಯೋದು. ಮಗಳು ಬಸುರಿ ಅಂತ ಗೊತ್ತಾದ ದಿನವೇ ಟೀಚರಮ್ಮ ಹೆಸರು ಹುಡುಕಿ ಇಟ್ಟಿದ್ದಳು. ಗಂಡಾದರೆ ಬಶೀರ್, ಹೆಣ್ಣಾದರೆ ಬುಶ್ರಾ.

"ಬುಶ್ರಾ ಅಂದ್ರೆ ಏನು?" ಅಂತ ಕೇಳಿದೆ.

"ಶುಭಸುದ್ದಿ. ಬಶೀರ್ ಅಂದ್ರೆ ಅದನ್ನ ತರೋನು."

"ಅಷ್ಟೇನಾ?"

ಟೀಚರಮ್ಮನನ್ನ ಅಷ್ಟೇನಾ ಅಂತ ಕೇಳಬಾರದು. ಅರ್ಧ ಗಂಟೆ ಪಾಠ ಗ್ಯಾರಂಟಿ. ಕನ್ನಡಕ ಮೇಲೇರಿಸಿ ಶುರು ಮಾಡಿದಳು. "ಅರಬ್ಬಿಯಲ್ಲಿ ಒಂದು ಬೇರಿನಿಂದ ಎಷ್ಟೋ ಪದ ಚಿಗುರುತ್ತೆ ರೀ. ಇದರ ಬೇರು ಬ, ಶ, ರ. ಬಶರಾ ಅಂದ್ರೆ ಚರ್ಮ. ಬಶರ್ ಅಂದ್ರೆ ಮನುಷ್ಯ. ಪ್ರಾಣಿಗಳ ಮೈ ಕೂದಲಲ್ಲಿ ಮುಚ್ಚಿರುತ್ತೆ, ಮನುಷ್ಯನ ಚರ್ಮ ಕಣ್ಣಿಗೆ ಕಾಣುತ್ತೆ, ಅದಕ್ಕೇ ಆ ಹೆಸರು ಅಂತ ಹಳೇ ಪಂಡಿತರು ಹೇಳ್ತಾರೆ. ಬುಶ್ರಾ ಅಂದ್ರೆ ಬರೀ ಒಳ್ಳೇ ಸುದ್ದಿ ಅಲ್ಲ. ಕೇಳಿದ ತಕ್ಷಣ ಮುಖದ ಚರ್ಮದ ಮೇಲೆ ಎದ್ದು ಕಾಣೋ ಸುದ್ದಿ. ಬಚ್ಚಿಟ್ಟುಕೊಳ್ಳೋಕೆ ಆಗದೇ ಇರೋದು."

"ಹಾಗಾದ್ರೆ ಈ ಹೆಸರು ನನಗೇ ಇಡಬೇಕಿತ್ತು" ಅಂದೆ.

"ನಿಮಗಿಡೋ ಹೆಸರು ಬೇರೆ ಇದೆ, ಬಿಡಿ" ಅಂದು ಮುಂದುವರಿಸಿದಳು. "ಹಿಂದಿನ ಕಾಲದಲ್ಲಿ ಅರಬ್ಬರು ಇಂಥ ಸುದ್ದಿ ಮೊದಲು ತಂದವನನ್ನ ಬರಿಗೈಯಲ್ಲಿ ಕಳಿಸ್ತಾ ಇರಲಿಲ್ಲ. ಕೊಡೋಕೆ ಬೇರೇನೂ ಇಲ್ಲದಿದ್ದರೆ ಮೈಮೇಲಿನ ಬಟ್ಟೇನೇ ಬಿಚ್ಚಿ ಕೊಟ್ಟುಬಿಡೋರು. ಆ ಕೊಡುಗೆಗೂ ಇದೇ ಬೇರಿನ ಹೆಸರು, ಬಿಶಾರಾ ಅಂತ."

ಬಟ್ಟೆ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಎಂಥ ಜನ ನೋಡಿ. ಸುದ್ದಿ ತಂದವನಿಗೆ ಅಂಗಿ. ಜೀವಮಾನವೆಲ್ಲ ಅಂಗಿ ಹೊಲಿದವನಿಗೆ ಇದಕ್ಕಿಂತ ದೊಡ್ಡ ಮಾತು ಯಾವುದಿದೆ? ಮಾರನೇ ದಿನದಿಂದ ಅಳತೆ ಕೊಡೋಕೆ ಬಂದವರಿಗೆಲ್ಲ ಇದೇ ಹೇಳಿದೆ. ಟೇಪು ಕುತ್ತಿಗೆಗೆ ಹಾಕಿಕೊಂಡು, "ನನ್ನ ಮೊಮ್ಮಗುವಿನ ಸುದ್ದಿ ಮೊದಲು ಯಾರು ತರ್ತಾರೋ ಅವರಿಗೆ ನನ್ನ ಮೈಮೇಲಿನ ಅಂಗಿ" ಅಂತ ಸಾರಿದೆ. ಇಡೀ ಬೀದಿಗೆ ಬುಶ್ರಾ ಅನ್ನೋ ಹೆಸರು ಬಾಯಿಪಾಠವಾಯಿತು. ಪಕ್ಕದ ಇಸ್ತ್ರಿ ಅಂಗಡಿಯವನಂತೂ ನನ್ನ ಅಂಗಿಗಳನ್ನ ಇಸ್ತ್ರಿ ಮಾಡುವಾಗ ತನ್ನ ಎದೆಗೆ ಹಿಡಿದು ನೋಡಿಕೊಳ್ಳುತ್ತಿದ್ದ.

ಆಮೇಲೆ ಮಗು ಎರಡು ತಿಂಗಳು ಮುಂಚೆ ಹುಟ್ಟಿಬಿಟ್ಟಿತು. ಹೆಣ್ಣು. ಒಂದು ಕಿಲೋ ಇನ್ನೂರು ಗ್ರಾಂ. ನನ್ನ ದೊಡ್ಡ ಕತ್ತರಿಗಿಂತ ಸ್ವಲ್ಪವೇ ಹೆಚ್ಚು ತೂಕ. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, ಬಾಯಿಗೆ ಪೈಪು ಹಾಕಿ, ಯಂತ್ರದಿಂದ ಉಸಿರು ಕೊಡುತ್ತಿದ್ದರು. ಮಣಿಕಟ್ಟಿನ ಪಟ್ಟಿಯ ಮೇಲೆ "ಹೆಣ್ಣು ಮಗು" ಅಂತ ಬರೆದಿತ್ತು. ತಾನಾಗಿ ಉಸಿರಾಡುತ್ತೋ ಇಲ್ಲವೋ, ಅದೊಂದೇ ಪ್ರಶ್ನೆ. ಡಾಕ್ಟರನ್ನ ಕೇಳಿದರೆ ನೋಡೋಣ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋರು. ಅಳಿಯ ಹಡಗಿನಲ್ಲಿ ಅಡುಗೆಯವನು, ಬಂದರಿಗೆ ಬರೋಕೆ ಇನ್ನೂ ಒಂದೂವರೆ ತಿಂಗಳಿತ್ತು. ಮಗಳು ಹೇಳಿದಳು, "ಅಪ್ಪ, ಪೈಪು ತೆಗೆದ ಮೇಲೆ ಹೆಸರು ಇಡೋಣ. ಸುದ್ದಿ ಬರೋಕೆ ಮುಂಚೆ ಸುದ್ದಿ ಅಂತ ಕರೆಯೋಕೆ ನನಗೆ ಭಯ." ಸರಿಯಮ್ಮ ಅಂದೆ. ಅಂದೆ ಅಷ್ಟೇ.

ಹನ್ನೆರಡನೇ ದಿನ ಬೆಳಿಗ್ಗೆ ಇಸ್ತ್ರಿಯವನು ಓಡಿ ಬಂದ. ಆಸ್ಪತ್ರೆಯ ನರ್ಸುಗಳ ಬಟ್ಟೆ ಇಸ್ತ್ರಿ ಮಾಡೋನು ಅವನೇ. ಗಂಟು ತಲುಪಿಸೋಕೆ ಹೋದಾಗ ಕಣ್ಣಾರೆ ನೋಡಿದನಂತೆ, ಮಗುವಿನ ಬಾಯಲ್ಲಿ ಪೈಪಿಲ್ಲ. "ಮಾಸ್ಟರ್, ಪೈಪು ತೆಗೆದ್ರು, ಮಗು ತಾನೇ ಉಸಿರಾಡ್ತಿದೆ" ಅಂದ.

ಯಾರಿಗಾದರೂ ಒಂದು ಫೋನ್ ಮಾಡಿ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಮೈಮೇಲಿದ್ದ ಆಕಾಶಬಣ್ಣದ ಅಂಗಿ ಬಿಚ್ಚಿ ಅವನ ಹೆಗಲಿಗೆ ಹಾಕಿದೆ. ಬನಿಯನ್ನಿನಲ್ಲೇ ಬೀದಿಗಿಳಿದು, ಬುಶ್ರಾ ಬಂದಳು, ಬುಶ್ರಾ ಬಂದಳು ಅಂತ ಈ ತುದಿಯಿಂದ ಆ ತುದಿಗೆ ಕೂಗಿದೆ. ಒಳಗೆ ಬಂದು ಟೇಬಲ್ಲಿನ ಮೇಲೆ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಿಂದ ದಪ್ಪಕ್ಷರದಲ್ಲಿ ಹೆಸರು ಬರೆದೆ. ಹಡಗಿಗೂ ಸಂದೇಶ ಕಳಿಸಿದೆ. ಕಾಲು ನೆಲದ ಮೇಲಿರಲಿಲ್ಲ.

ಆಸ್ಪತ್ರೆಯವರು ಬರೀ ಪರೀಕ್ಷೆಗೆ ಅಂತ ಪೈಪು ತೆಗೆದಿದ್ದರು. ನಾಲ್ಕು ಗಂಟೆ ಹೊತ್ತು ಉಸಿರಾಡಿ ಮಗು ಸೋತುಹೋಯಿತು, ಮಧ್ಯಾಹ್ನ ಮತ್ತೆ ಪೈಪು ಹಾಕಿದರು. ಇದು ಆಗ ನನಗೆ ಗೊತ್ತಿರಲಿಲ್ಲ. ಸಂಜೆ ಮಗಳು ಬಟ್ಟೆ ಬದಲಾಯಿಸೋಕೆ ಮನೆಗೆ ನಡೆದು ಬರುತ್ತಿದ್ದಾಗ ಹಾಲಿನ ಅಂಗಡಿಯಾಕೆ ಕೈ ಹಿಡಿದು, "ಬುಶ್ರಾ ಹೇಗಿದ್ದಾಳಮ್ಮ, ಯಾವಾಗ ಮನೆಗೆ?" ಅಂತ ನಗುನಗುತ್ತಾ ಕೇಳಿದಳಂತೆ. ಮುಂದೆ ಔಷಧಿ ಅಂಗಡಿಯವರು ಕೇಳಿದರಂತೆ. ನಮ್ಮ ಬೀದಿ ದಾಟೋಕೆ ಎರಡು ನಿಮಿಷ ಸಾಕು. ಅಷ್ಟರೊಳಗೆ ಐದು ಜನ ಆ ಹೆಸರು ಹಿಡಿದು ಅಭಿನಂದನೆ ಹೇಳಿದ್ದರು.

ಅಂಗಡಿ ಬಾಗಿಲಲ್ಲಿ ನಿಂತು ಮಗಳು ಟೇಬಲ್ಲಿನ ಮೇಲಿನ ಅಕ್ಷರ ನೋಡಿದಳು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಅಪ್ಪ, ಅವಳಿಗೆ ಮತ್ತೆ ಪೈಪು ಹಾಕಿದ್ದಾರೆ. ಆ ಹೆಸರು ಇನ್ನು ಯಾರ ಬಾಯಲ್ಲೂ ಬರಬಾರದು. ನಿಮ್ಮ ಬಾಯಲ್ಲಂತೂ ಬೇಡ" ಅಂದಳು. ಅವತ್ತಿನಿಂದ ನನ್ನ ಜೊತೆ ಊಟ ಆಯ್ತಾ, ಬಾಗಿಲು ಹಾಕಿ, ಇಷ್ಟೇ ಮಾತು.

ಆಸ್ಪತ್ರೆಗೆ ಹೋದರೂ ನಾನು ಹೊರಗಿನ ಬೆಂಚಿನಲ್ಲೇ ಕೂತು ಬಂದೆ. ಟೇಬಲ್ಲಿನ ಮೇಲಿನ ಹೆಸರು ಅಳಿಸೋಕೆ ಕೈ ಬರಲಿಲ್ಲ. ಒದ್ದೆ ಬಟ್ಟೆ ಹಿಡಿದು ಎರಡು ಸಲ ನಿಂತೆ, ಎರಡು ಸಲವೂ ವಾಪಸ್ಸು ಇಟ್ಟೆ. ಕೊನೆಗೆ ಅದರ ಮೇಲೆ ಖಾಕಿ ಕಾಗದ ಹಾಸಿ ನಾಲ್ಕು ಮೂಲೆಗೂ ಟೇಪು ಅಂಟಿಸಿ, ಅದರ ಮೇಲೇ ಬಟ್ಟೆ ಕತ್ತರಿಸಿದೆ. ನಾನೇ ಅಪಶಕುನ ಮಾಡಿದೆನೇನೋ ಅಂತ ಒಳಗೊಳಗೇ ಕೊರೀತಿತ್ತು. ಇಸ್ತ್ರಿಯವನು ಪಾಪ, ಅಂಗಿ ವಾಪಸ್ಸು ತಂದ. "ಇಟ್ಕೋ ಮಾರಾಯ, ಕೊಟ್ಟಿದ್ದು ಕೊಟ್ಟೆ" ಅಂತ ರೇಗಿ ಕಳಿಸಿದೆ.

ಇಪ್ಪತ್ತೊಂಬತ್ತನೇ ದಿನ. ಹನ್ನೊಂದು ಗಂಟೆ ಇರಬಹುದು. ವಕೀಲರ ಹೊಸ ಬಿಳಿ ಅಂಗಿ ತೊಟ್ಟುಕೊಂಡು ಅವರದ್ದೇ ಕರಿ ಕೋಟಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದೆ, ಉದ್ದುದ್ದ ಬಿಳಿ ದಾರದಲ್ಲಿ. ಎಡತೋಳು ಇನ್ನೂ ಸೇರಿಸಿರಲಿಲ್ಲ. ತಲೆಯೆತ್ತಿದರೆ ವಕೀಲರು ಓಡಿ ಬರ್ತಿದ್ದಾರೆ. ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ, ಮಳೆ ಬಂದರೂ ನಡೆದೇ ಹೋಗೋ ಮನುಷ್ಯ. ರಸ್ತೆ ಮಧ್ಯ ಒಂದು ಚಪ್ಪಲಿ ಕಳಚಿಕೊಂಡಿತು, ಹಿಂತಿರುಗಿ ನೋಡಲಿಲ್ಲ. ಕೆಟ್ಟ ಸುದ್ದಿಗೂ ಜನ ಓಡ್ತಾರಲ್ಲ.

"ನಿಮ್ಮ ಫೋನ್ ಎಲ್ರೀ?" ಅಂದರು ಏದುಸಿರು ಬಿಡುತ್ತಾ.

ಫೋನು ಬಟ್ಟೆ ರಾಶಿಯ ಕೆಳಗೆಲ್ಲೋ ಇತ್ತು.

"ನಿಮ್ಮ ಮನೆಯವರು ಆರು ಸಲ ಮಾಡಿದ್ರಂತೆ, ಕೊನೆಗೆ ನನ್ನ ಆಫೀಸಿಗೆ ಮಾಡಿದ್ರು. ಮಾಸ್ಟರ್, ಮಗುವಿನ ಪೈಪು ತೆಗೆದಿದ್ದಾರೆ."

ಸೂಜಿ ಕೈಯಲ್ಲೇ ಇತ್ತು. "ಯಾವಾಗ?" ಅಂದೆ.

"ಮೂರು ದಿನ ಆಯ್ತಂತೆ."

"ಮೂರು ದಿನ ಅಂತ ಯಾರು ಹೇಳಿದ್ದು?"

"ನಿಮ್ಮ ಮನೆಯವರೇ."

"ನೀವು ಸರಿಯಾಗಿ ಕೇಳಿಸಿಕೊಂಡ್ರಾ? ಗಂಟೆನೋ ದಿನನೋ?"

"ದಿನ ಕಣ್ರೀ."

"ಮತ್ತೆ ಹಾಕಿಲ್ಲ ತಾನೆ? ಪರೀಕ್ಷೆಗೆ ತೆಗೆದಿದ್ದಲ್ಲ ತಾನೆ? ಡಾಕ್ಟರು ಏನಂದ್ರು?"

ವಕೀಲರು ಸ್ಟೂಲಿನ ಮೇಲೆ ಕುಸಿದರು. "ನಾನು ಇಷ್ಟು ವರ್ಷದಲ್ಲಿ ಯಾವ ಸಾಕ್ಷಿಗೂ ಇಷ್ಟು ಪ್ರಶ್ನೆ ಹಾಕಿಲ್ಲ ಮಾರಾಯರೇ. ಮೂರು ದಿನ, ಮೂರು ರಾತ್ರಿ, ತಾನೇ ಉಸಿರಾಡಿದೆ. ಇನ್ನು ಯಂತ್ರ ಬೇಡ ಅಂತ ಡಾಕ್ಟರು ಬೆಳಿಗ್ಗೆ ಬರೆದುಕೊಟ್ಟಿದ್ದಾರೆ. ನೀವು ಈಗಲೇ ಬರಬೇಕು ಅಂದ್ರು."

ಆಗ ನನಗೆ ಏನಾಯಿತು ಅಂತ ನಾನು ಹೇಳಲಾರೆ. ಕನ್ನಡಿಯಲ್ಲಿ ಕಂಡಿದ್ದಷ್ಟು ಹೇಳ್ತೀನಿ: ಕಿವಿ ತುದಿಯಿಂದ ಕುತ್ತಿಗೆಯವರೆಗೆ ಮುಖ ಕೆಂಪಗಾಗಿ, ಹಣೆ ಹೊಳೆದು, ತೋಳಿನ ಮೇಲೆ ಕೂದಲು ನಿಮಿರಿ ನಿಂತಿತ್ತು. ಟೀಚರಮ್ಮನ ಪಾಠ ನನ್ನ ಮೈಮೇಲೇ ಬರೆದಿತ್ತು. ಗುಂಡಿಗಳನ್ನ ಪಟಪಟ ಬಿಚ್ಚಿ ಅಂಗಿ ತೆಗೆದು ವಕೀಲರ ಕೈಗಿಟ್ಟೆ.

ವಕೀಲರು ಅಂಗಿಯನ್ನ ತಿರುಗಿಸಿ ಮುರುಗಿಸಿ ನೋಡಿದರು. "ಮಾಸ್ಟರ್, ಇದು ನನ್ನದೇ ಅಂಗಿ."

"ಹೌದಲ್ಲ" ಅಂದೆ.

"ಹಾಗಾದ್ರೆ ನನ್ನ ಬಿಶಾರಾ ಬಾಕಿ ಇದೆ. ನೆನಪಿರಲಿ. ಈಗ ಸ್ಕೂಟರ್ ಹತ್ತಿ."

ನನ್ನ ಸ್ವಂತ ಅಂಗಿ ಹಿಂದಿನ ಮೊಳೆಗೆ ನೇತಾಡುತ್ತಿತ್ತಂತೆ. ಯಾರ ಕಣ್ಣಿಗೆ ಬಿತ್ತು? ಕೈಗೆ ಸಿಕ್ಕ ಕರಿ ಕೋಟು ಬರಿಮೈ ಮೇಲೇ ಏರಿಸಿಕೊಂಡು ಹಿಂದೆ ಕೂತೆ. ಒಂದು ತೋಳು ಇದೆ, ಒಂದು ಇಲ್ಲ. ಎದೆ ತುಂಬ ಸೀಮೆಸುಣ್ಣದ ಗೆರೆ, ಬಿಳಿ ದಾರದ ಕಚ್ಚಾ ಹೊಲಿಗೆ. ವಕೀಲರ ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಇಸ್ತ್ರಿಯವನು ಹಂಡೆಯಂಥ ಬಾಯಿ ಬಿಟ್ಟು, "ಮಾಸ್ಟರ್, ಏನಾಯ್ತು?" ಅಂತ ಕೂಗಿದ. ಹೇಳಬೇಕು ಅಂತ ಬಾಯಿ ತೆರೆದೆ. ಹಾಲಿನ ಅಂಗಡಿಯಾಕೆ ಮಗಳ ಕೈ ಹಿಡಿದದ್ದು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕೂತಿದ್ದೆ, ನಾಲಿಗೆ ಮಾತ್ರ ಒಳಗೇ ಕುಣೀತಿತ್ತು.

ಪುಟ್ಟ ಮಕ್ಕಳ ವಾರ್ಡಿನ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದಳು. ನನ್ನನ್ನ ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದೇನು ವೇಷ ರೀ?"

"ಮೂರು ದಿನದಿಂದ ನನಗೆ ಯಾಕೆ ಹೇಳಲಿಲ್ಲ?" ಅಂತ ಗುರ್ ಅಂದೆ. ಖುಷಿಗೂ ಸಿಟ್ಟಿಗೂ ನನ್ನಲ್ಲಿ ಗೋಡೆಯಿಲ್ಲ. "ನಾನೇನು ದಾರಿಹೋಕನಾ? ಮೂರು ದಿನ ನಾನು ಅನ್ನ ತಿಂದ್ನೋ ಮಣ್ಣು ತಿಂದ್ನೋ ನನಗೇ ಗೊತ್ತಿಲ್ಲ."

"ಹೇಳಿದ್ದರೆ ಏನು ಮಾಡ್ತಿದ್ರಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು.

ಹತ್ತು ಹೆಜ್ಜೆ ಆಚೆ ಮಗಳು ಬೆಂಚಿನಲ್ಲಿ ಮುಖಗವಸು ಹಾಕಿ ಕೂತಿದ್ದಳು. ನಿನ್ನೆಯಿಂದ ಅವಳಿಗೆ ಶೀತ, ಕೆಮ್ಮು. ಒಳಗೆ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಹಿರಿಯ ನರ್ಸು ಬಂದರು. ಮಗುವಿಗೆ ಈಗ ಪೆಟ್ಟಿಗೆಯ ಶಾಖಕ್ಕಿಂತ ಮನುಷ್ಯರ ಮೈ ಶಾಖ ಒಳ್ಳೆಯದಂತೆ. ಮನೆಯವರು ಯಾರಾದರೂ ಬರೀ ಎದೆಯ ಮೇಲೆ ಒಂದು ಗಂಟೆ ಮಲಗಿಸಿಕೊಳ್ಳಬೇಕಂತೆ. ಚರ್ಮಕ್ಕೆ ಚರ್ಮ ತಾಗಿದರೆ ಮಗುವಿನ ಉಸಿರು ಒಂದು ಹದಕ್ಕೆ ಬರುತ್ತಂತೆ.

ನಾನು ಟೀಚರಮ್ಮನ ಕಡೆ ನೋಡಿದೆ. "ನೀನು ಹೋಗು."

"ನಾನು ಹೋಗಬಹುದಿತ್ತು. ಬೆಳಿಗ್ಗೆಯೇ ಹೋಗ್ತಿದ್ದೆ" ಅಂದಳು ಮೆಲ್ಲಗೆ. "ಮಗಳು ಬೇಡ ಅಂದಳು. ಅಪ್ಪನ್ನ ಕರೀರಿ ಅಂದಳು."

ಮಗಳ ಕಡೆ ನೋಡಿದೆ. ಅವಳು ಒಂದು ಸಲ ತಲೆ ಆಡಿಸಿ ನೆಲ ನೋಡಿದಳು. ಹದಿನೇಳು ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಅಲ್ಲೇ ಕರಗಿಹೋಯಿತು, ಕಣ್ಣಲ್ಲಿ ಇಳಿಯಿತು. ನಾಚಿಕೆಯೇನೂ ಆಗಲಿಲ್ಲ.

ನರ್ಸು ಒಳಗೆ ಕರೆದುಕೊಂಡು ಹೋದರು. ಮೊಣಕೈವರೆಗೆ ಸೋಪು ಹಾಕಿಸಿದರು, ಎದೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. "ಅಂಗಿ ಬಿಚ್ಚಿ" ಅನ್ನೋಕೆ ಹೋಗಿ, ಕೋಟಿನ ಕೆಳಗೆ ಏನೂ ಇಲ್ಲದ್ದು ನೋಡಿ ತಡೆದರು. "ತಯಾರಾಗಿಯೇ ಬಂದಿದ್ದೀರಲ್ಲ" ಅಂದರು. ಒರಗುಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆಯಿಂದ ಮಗುವನ್ನ ಎರಡು ಕೈಯಲ್ಲಿ ಎತ್ತಿ ತಂದು ನನ್ನ ಎದೆಯ ಮೇಲೆ ಕವುಚಿ ಮಲಗಿಸಿದರು. ಮೇಲೆ ಒಂದು ಮೆತ್ತನೆ ಬಟ್ಟೆ ಹೊದಿಸಿದರು.

ನಲವತ್ತು ವರ್ಷ ಈ ಬೆರಳಲ್ಲಿ ಬಟ್ಟೆ ಮುಟ್ಟಿದ್ದೀನಿ. ರೇಷ್ಮೆ, ಮಖಮಲ್, ಗಾಳಿಗೆ ಹಾರೋ ಮಲ್‌ಮಲ್ ಬಟ್ಟೆ. ಅದ್ಯಾವುದೂ ಅಲ್ಲ ಇದು. ಬಿಸಿ ಇತ್ತು. ಬೆನ್ನು ನನ್ನ ಅಂಗೈಯೊಳಗೆ ಪೂರ್ತಿ ಅಡಗುತ್ತಿತ್ತು. ಆ ಬೆನ್ನು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಯಾವ ಪೈಪೂ ಇಲ್ಲ, ಯಾವ ಯಂತ್ರವೂ ಇಲ್ಲ. ಒಂದೊಂದು ಸಲ ಸ್ವಲ್ಪ ತಡವಾಗುತ್ತಿತ್ತು, ನನ್ನ ಉಸಿರೂ ನಿಲ್ಲುತ್ತಿತ್ತು. ಮತ್ತೆ ಮೇಲೇಳುತ್ತಿತ್ತು. ನಾನು ಎಣಿಸುತ್ತಾ ಕೂತೆ. ಮುನ್ನೂರರವರೆಗೆ ಎಣಿಸಿ ಬಿಟ್ಟೆ, ಎಣಿಸುವ ಅಗತ್ಯ ಇಲ್ಲ ಅನ್ನಿಸಿತು.

ವಾರ್ಡಿನ ಬಾಗಿಲಿಗೆ ಅರ್ಧ ಗಾಜು. ಅದರಾಚೆ ಟೀಚರಮ್ಮ, ಅವಳ ಹಿಂದೆ ಸ್ವಲ್ಪ ದೂರದಲ್ಲಿ ಮಗಳು, ಪಕ್ಕದಲ್ಲಿ ಒಂಟಿ ಚಪ್ಪಲಿಯ ವಕೀಲರು. ವಕೀಲರು ಗಾಜಿಗೆ ಮೂಗು ಒತ್ತಿ ಮಗುವನ್ನ ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ನನಗೆ ಕೈಸನ್ನೆ ಮಾಡಿದರು: ಬಾಕಿ ತೀರಿತು, ಅಂಗಿ ಬೇಡ.

ನರ್ಸು ಹೊಸ ಪಟ್ಟಿಯೂ ಪೆನ್ನೂ ಹಿಡಿದು ಬಂದರು. "ಹಳೇ ಪಟ್ಟಿ ಸಡಿಲ ಆಗಿದೆ, ಬದಲಾಯಿಸ್ತೀನಿ. ಇನ್ನೂ ಎಷ್ಟು ದಿನ ಹೆಣ್ಣು ಮಗು ಅಂತ ಬರೆಯೋದು? ಹೆಸರು ಏನು ತಾತ?"

ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ತುಟಿ ಬಿಗಿದೆ. ತಲೆ ಅಲ್ಲಾಡಿಸಿ ಬಾಗಿಲಿನ ಕಡೆ ತೋರಿಸಿದೆ. ಹೆತ್ತವಳು ಅಲ್ಲಿದ್ದಾಳೆ, ಅವಳನ್ನ ಕೇಳಿ ಅಂತ. ನೀವು ನಗಬೇಡಿ, ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ.

ನರ್ಸು ಬಾಗಿಲನ್ನ ಒಂದು ಗೇಣು ತೆರೆದು ಕೇಳಿದರು. ಮಗಳು ಹತ್ತಿರ ಬರಲಿಲ್ಲ, ಅಲ್ಲಿಂದಲೇ, ಮುಖಗವಸಿನ ಒಳಗಿಂದ, ಕೆಮ್ಮು ತಡೆದುಕೊಂಡು ಹೇಳಿದಳು. "ಅಪ್ಪನೇ ಹೇಳಲಿ."

ನರ್ಸು ನನ್ನ ಕಡೆ ತಿರುಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿಗೆ ಕೂಗಿದ್ದ ಗಂಟಲು ಎಲ್ಲಿ ಹೋಯಿತೋ. ಮಗುವಿನ ಕಿವಿ ನನ್ನ ಗಲ್ಲದ ಕೆಳಗೇ ಇತ್ತು, ಅಂಗಿಯ ಗುಂಡಿಯಷ್ಟೇ ದೊಡ್ಡದು. ಅದಕ್ಕೆ ಎಷ್ಟು ಬೇಕೋ ಅಷ್ಟೇ ದನಿ ಮಾಡಿ ಹೇಳಿದೆ.

"ಬುಶ್ರಾ."

ನರ್ಸು ಬಗ್ಗಿ ಕೇಳಿಸಿಕೊಂಡು ಪಟ್ಟಿಯ ಮೇಲೆ ಬರೆದರು. ಕೈಯ ಕೆಳಗೆ ಬೆನ್ನು ಮೇಲೆದ್ದಿತು, ಇಳಿಯಿತು.

ಬಾಗಿಲ ಸಂದಿಯಿಂದ ಮಗಳ ದನಿ ಬಂತು. "ಕೇಳಿಸಲಿಲ್ಲ ಅಪ್ಪ. ಇನ್ನೊಂದು ಸಲ ಹೇಳಿ."